ನೀರಿಗಿಳಿಯುವ ಕಂಪ್ಯೂಟರ್

ಹೋದ ವಾರ ನನ್ನ ತಂಗಿಯ ಮಗ ಫೋನಿಗೆ ಮೂರು ಚಿತ್ರ ಕಳಿಸಿದ್ದ. ಮೂರೂ ನೋಡಲು ಕೈಗಡಿಯಾರದಂತೆಯೇ ಇದ್ದವು. ಕೆಳಗೆ ಒಂದು ಸಾಲು: 'ದೊಡ್ಡಮ್ಮ, ಅಂಡಮಾನಲ್ಲಿ ಸ್ಕೂಬಾ ಮಾಡಕ್ಕೆ ಹೋಗ್ತಾ ಇದೀನಿ. ಡೈವ್ ಕಂಪ್ಯೂಟರ್ ತಗೋಬೇಕು. ಕಮ್ಮಿ ರೇಟಲ್ಲಿ ಯಾವುದು ಚೆನ್ನಾಗಿದೆ ಹೇಳಿ. ನಮ್ಮನೇಲಿ ಸಮುದ್ರದೊಳಗೆ ಹೋಗಿ ಬಂದಿರೋರು ನೀವೊಬ್ಬರೇ.'

ಓದಿದಾಗ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ, ಕಿವಿ ಬಿಸಿಯಾಯಿತು. ತಲೆ ಪೂರ್ತಿ ನೆರೆತ ಮೇಲೂ ಕಿವಿ ಬಿಸಿಯಾಗುತ್ತದೆ ಎಂದರೆ ನೀವು ನಗುತ್ತೀರಿ. ಆದರೆ ಕಂಪ್ಯೂಟರ್ ಎಂಬ ಪದವನ್ನು ಹೀಗೆ ಮುಚ್ಚುಮರೆಯಿಲ್ಲದೆ ಒಬ್ಬರು ಇನ್ನೊಬ್ಬರಿಗೆ ಹೇಳುವುದು ನನಗೆ ಈಗಲೂ ಸ್ವಲ್ಪ ಮರ್ಯಾದೆಗೆಟ್ಟ ಮಾತಿನಂತೆ ಕೇಳಿಸುತ್ತದೆ. ನಾನು ಬೆಳೆದ ಮನೆಯಲ್ಲಿ ಅದು ಬೈಗುಳವಾಗಿತ್ತು.

ನಮ್ಮ ಮನೆ ಬಸವೇಶ್ವರನಗರದಲ್ಲಿತ್ತು, ಮಹಡಿಯ ಮೇಲೆ. ಅಪ್ಪಾಜಿ, ಅಂದರೆ ನನ್ನ ತಂದೆ ರುದ್ರಪ್ಪನವರು, ದಾವಣಗೆರೆ ಕಡೆಯಿಂದ ವರ್ಗವಾಗಿ ಬಂದು ರಾಜಾಜಿನಗರದ ಒಂದು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. ಹಣೆಗೆ ಮೂರು ಬೆರಳು ವಿಭೂತಿ, ಜೇಬಿನಲ್ಲಿ ಎರಡು ಪೆನ್ನು, ಬಾಯಲ್ಲಿ ಸದಾ ಒಂದು ಕೂಡುವ ಲೆಕ್ಕ. ಬಸ್ಸಿನಲ್ಲಿ ಕೂತರೆ ಮುಂದಿನ ಲಾರಿಯ ನಂಬರನ್ನು ಹಿಂದಿನ ಲಾರಿಯ ನಂಬರಿನೊಂದಿಗೆ ಕೂಡಿ ನನ್ನ ಕಡೆ ನೋಡುವರು. ನಾನು ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ. 'ಇರಲಿ, ಇನ್ನೊಂದು ಲಾರಿ ಬರುತ್ತೆ' ಎನ್ನುವರು. ನನ್ನ ಬಾಲ್ಯ ಬೆಂಗಳೂರಿನ ಲಾರಿಗಳ ಹಿಂದೆಯೇ ಕಳೆಯಿತು ಎಂದರೂ ನಡೆದೀತು.

ಎಂಬತ್ತರ ದಶಕದಲ್ಲಿ ಬ್ಯಾಂಕುಗಳಿಗೆ ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿ ಹಬ್ಬಿದಾಗ ಅಪ್ಪಾಜಿ ನೌಕರರ ಸಂಘದ ಮಾತುಗಾರರಾದರು. ಸಂಜೆ ಬ್ಯಾಂಕಿನ ಗೇಟಿನ ಮುಂದೆ ಸಭೆ. ಕಾವಲುಗಾರ ಕೂರುವ ಸ್ಟೂಲಿನ ಮೇಲೆ ಹತ್ತಿ ನಿಂತು ಅವರು ಮಾತಾಡುತ್ತಿದ್ದರು. ಒಂದು ಯಂತ್ರ ಬಂದರೆ ಎಷ್ಟು ಜನರ ಕುರ್ಚಿ ಖಾಲಿಯಾಗುತ್ತದೆ, ಆ ಕುರ್ಚಿಗಳ ಹಿಂದೆ ಎಷ್ಟು ಮನೆಗಳ ಒಲೆಗಳಿವೆ ಎಂದು ಅವರು ಹೇಳುವಾಗ ಕೇಳುವವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕೊನೆಗೆ 'ಕಂಪ್ಯೂಟರ್ ಬೇಡ' ಎಂದು ಅವರು, 'ಕೈಗೆ ಕೆಲಸ ಬೇಕು' ಎಂದು ಉಳಿದವರು. ಆಗಿನ್ನೂ ಪ್ರೈಮರಿ ಶಾಲೆಯಲ್ಲಿದ್ದ ನನ್ನ ತಂಗಿ ಬಚ್ಚಲ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ನಿಂತು ಇದೇ ಘೋಷಣೆ ಕೂಗುತ್ತಿದ್ದಳು. ಮನೆಯಲ್ಲಿ ಏನು ಕೆಟ್ಟರೂ ಅದಕ್ಕೆ ಕಂಪ್ಯೂಟರ್ ಎಂದೇ ಹೆಸರು. ಸೀದ ದೋಸೆ ಕಂಪ್ಯೂಟರ್ ದೋಸೆ. ಕರೆಂಟು ಹೋದರೆ ಅದೂ ಕಂಪ್ಯೂಟರಿನ ಕೆಲಸವೇ.

ಇಂಥ ಮನೆಯ ಹಿರಿಮಗಳು ನಾನು, ಉಮಾ, ಎಂ.ಎಸ್ಸಿ. ಮುಗಿಸಿ, ಕೆಂಗೇರಿ ದಾರಿಯಲ್ಲಿದ್ದ ಒಂದು ಸಂಶೋಧನಾ ವಿಭಾಗದಲ್ಲಿ ಸಹಾಯಕಿಯಾಗಿ ಸೇರಿಕೊಂಡೆ. ಕಾರವಾರದ ಹತ್ತಿರದ ದ್ವೀಪಗಳ ಬಂಡೆಗಳಿಗೆ ನೀರಿನೊಳಗೆ ಅಂಟಿಕೊಂಡು ಬದುಕುವ ಜೀವಿಗಳ ಅಧ್ಯಯನ ನಮ್ಮದು. ಸಮುದ್ರವೇ ಇಲ್ಲದ ಬೆಂಗಳೂರಿನಲ್ಲಿ ಕೂತು ಸಮುದ್ರ ಓದುವುದನ್ನು ಕಂಡು ನಕ್ಕವರಿದ್ದರು. ಮೊದಲ ವರ್ಷ ಮೀನುಗಾರರು ತಂದುಕೊಟ್ಟದ್ದನ್ನು ಬಾಟಲಿಯಲ್ಲಿಟ್ಟು ನೋಡಿದೆವು. ಎರಡನೆಯ ವರ್ಷ ನಮ್ಮ ಪ್ರೊಫೆಸರು, 'ಇನ್ಮೇಲೆ ನೀವೇ ಇಳೀಬೇಕು' ಎಂದರು. ಇಳಿಯಲು ಕಲಿಸಲು ನೌಕಾಪಡೆಯಿಂದ ನಿವೃತ್ತರಾದ ಪೊನ್ನಪ್ಪ ಸಾರ್ ಎಂಬವರನ್ನು ಗೊತ್ತುಮಾಡಿದರು.

ಈಜು ಕಲಿಯುವ ನನ್ನ ಮೊದಲ ದಿನವನ್ನು ಹೇಳದೆ ಬಿಡಬಹುದಿತ್ತು. ಆದರೆ ನಾಚಿಕೆಯ ವಿಷಯ ಹೇಳಲು ಕೂತ ಮೇಲೆ ಅರ್ಧ ನುಂಗುವುದೇಕೆ? ಈಜುಡುಗೆ ಎಂದರೆ ಹೇಗಿರುತ್ತದೆ ಎಂದು ನಾನು ಅಮ್ಮನಿಗೆ ವಿವರಿಸಿದಾಗ ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ವಿಜಯನಗರದ ತನ್ನ ಟೈಲರನ ಹತ್ತಿರ ಹೋಗಿ ಮೊಣಕಾಲು ಮುಚ್ಚುವ, ಮೊಣಕೈ ಮುಚ್ಚುವ, ಕತ್ತಿನವರೆಗೆ ಗುಂಡಿಯಿರುವ ಒಂದು ಉಡುಪನ್ನು ದಪ್ಪ ಟೆರಿಕಾಟಿನಲ್ಲಿ ಹೊಲಿಸಿ ತಂದಳು. ಎರಡು ಕಡೆ ಜೇಬೂ ಇತ್ತು. ಅದನ್ನು ತೊಟ್ಟು ನಾನು ಈಜುಕೊಳಕ್ಕಿಳಿದೆ. ತೋಳಿನೊಳಗೆ, ಬೆನ್ನಿನೊಳಗೆ, ಜೇಬಿನೊಳಗೆ ಗಾಳಿ ತುಂಬಿಕೊಂಡು ನಾನು ಪೂರಿಯ ಹಾಗೆ ಉಬ್ಬಿದೆ. ಮುಳುಗಲು ನೋಡಿದಷ್ಟೂ ಮೇಲೆ ಬಂದೆ. ನಮ್ಮ ತಂಡದ ಹುಡುಗರು ಗೋಡೆಯ ಕಡೆ ತಿರುಗಿ ನಗುತ್ತಿದ್ದರು.

'ಏನಮ್ಮಾ,' ಎಂದರು ಪೊನ್ನಪ್ಪ ಸಾರ್ ದಡದಿಂದ, 'ನೀವು ಮುಳುಗೋದು ಕಲಿಯಕ್ಕೆ ಬಂದ್ರೋ, ದೋಣಿ ಆಗಕ್ಕೆ ಬಂದ್ರೋ?'

ಮರುದಿನದಿಂದ ಉಡುಪು ಬದಲಾಯಿತು. ಅಮ್ಮ ಅದನ್ನು ನೋಡಲಿಲ್ಲ, ಕೇಳಲೂ ಇಲ್ಲ. ಹೊರಡುವಾಗ ನನ್ನ ಹಣೆಗೆ ವಿಭೂತಿ ಹಚ್ಚಿ, 'ನೀರಲ್ಲಿ ತೊಳೆದೋಗುತ್ತಲ್ಲೇ' ಎಂದು ಪೇಚಾಡಿಕೊಂಡು, ಇನ್ನೊಂದು ಪದರ ಹಚ್ಚುತ್ತಿದ್ದಳು.

ಕೊಳದಲ್ಲಿ ಉಸಿರಾಟದ ಸಿಲಿಂಡರು ಕಟ್ಟಿಕೊಂಡು ಇಳಿಯುವಷ್ಟಾದ ಮೇಲೆ ಪೊನ್ನಪ್ಪ ಸಾರ್ ಒಂದು ಬೆಳಿಗ್ಗೆ ನಮ್ಮನ್ನು ಕೂರಿಸಿಕೊಂಡು ನಿಜವಾದ ಅಪಾಯದ ಮಾತು ಹೇಳಿದರು. ಮುಳುಗಿ ಸಾಯುವುದು ಅಲ್ಲವಂತೆ ಅದು. ಗೋಲಿಸೋಡಾ ಕುಡಿದಿದ್ದೀರಲ್ಲ? ಗೋಲಿ ಒತ್ತುವ ತನಕ ಒಳಗಿನ ನೀರು ಸುಮ್ಮನಿರುತ್ತದೆ, ಒತ್ತಿದ ಕೂಡಲೇ ಬುಸ್ಸೆಂದು ಗುಳ್ಳೆ ಏಳುತ್ತದೆ. ಆಳದಲ್ಲಿ ನಮ್ಮ ರಕ್ತ ಆ ಸೋಡಾದ ಹಾಗೆ ಗಾಳಿಯನ್ನು ಕರಗಿಸಿಟ್ಟುಕೊಳ್ಳುತ್ತದೆ. ಬಹಳ ಹೊತ್ತು ಇದ್ದು ಬೇಗ ಮೇಲೆ ಬಂದರೆ ಗುಳ್ಳೆ ಮೈಯೊಳಗೇ ಏಳುತ್ತದೆ. ಕೀಲುಗಳಲ್ಲಿ, ಬೆನ್ನುಹುರಿಯಲ್ಲಿ. 'ನನ್ನ ಜೊತೆ ಇದ್ದೋನು ಒಬ್ಬ, ನಗ್ತಾ ಮೇಲೆ ಬಂದ. ಆಮೇಲೆ ನಡೀಲಿಲ್ಲ' ಎಂದರು.

ಎಷ್ಟು ಆಳಕ್ಕೆ ಎಷ್ಟು ಹೊತ್ತು ಎಂದು ಹೇಳುವ ಅಚ್ಚಾದ ಕೋಷ್ಟಕವೊಂದಿತ್ತು. ದಿನಕ್ಕೊಮ್ಮೆ ಇಳಿಯುವವರಿಗೆ ಅದು ಸಾಕು. ನಾವಾದರೋ ಒಂದೇ ದಿನ ಹಲವು ಸಲ, ಬೇರೆ ಬೇರೆ ಆಳಕ್ಕೆ ಇಳಿಯಬೇಕಿತ್ತು. ಅದಕ್ಕೆ ಆಗಷ್ಟೇ ವಿದೇಶದಲ್ಲಿ ಒಂದು ಸಾಧನ ಬಂದಿದೆ, ಮುಂಗೈಗೆ ಕಟ್ಟಿಕೊಂಡರೆ ಅದೇ ಕ್ಷಣಕ್ಷಣದ ಲೆಕ್ಕ ಇಡುತ್ತದೆ ಎಂದರು. ವಿಭಾಗದವರು ಅದಕ್ಕೆ ಹಣ ಕೇಳಿ ಬರೆದರು. ಈ ವಿಭಾಗಕ್ಕೆ ಈಗಾಗಲೇ ಒಂದು ಕಂಪ್ಯೂಟರ್ ಮಂಜೂರಾಗಿದೆ, ಅದನ್ನೇ ಉಪಯೋಗಿಸತಕ್ಕದ್ದು ಎಂದು ಮೇಲಿನಿಂದ ಉತ್ತರ ಬಂತು. ಆ ಮಂಜೂರಾದ ಕಂಪ್ಯೂಟರ್ ಬೀರುವಿನಷ್ಟು ದೊಡ್ಡದು, ತಂಪು ಕೋಣೆಯಲ್ಲಿತ್ತು, ಅದರ ಹತ್ತಿರ ಹೋಗಬೇಕಾದರೆ ಚಪ್ಪಲಿ ಬಿಡಬೇಕಿತ್ತು. ಕೊನೆಗೆ, ಆದವರು ಅವರವರೇ ತರಿಸಿಕೊಳ್ಳಲಿ ಎಂದಾಯಿತು. ಪೊನ್ನಪ್ಪ ಸಾರ್ ಭಾವಮೈದುನ ಹಡಗಿನಲ್ಲಿ ಕೆಲಸಕ್ಕಿದ್ದ. ಸಿಂಗಪುರದಿಂದ ತಂದುಕೊಡುತ್ತಾನೆ ಎಂದು ಕ್ಯಾಟಲಾಗಿನಿಂದ ಹರಿದ ಮೂರು ಹಾಳೆ ನನ್ನ ಕೈಗೆ ಕೊಟ್ಟರು.

ಆ ಹಾಳೆಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಬರುವಾಗ ಸಾರಾಯಿ ಬಾಟಲಿ ತರುತ್ತಿರುವವಳಂತೆ ಇದ್ದೆ. ಊಟವಾದ ಮೇಲೆ ಅಪ್ಪಾಜಿಯ ಮುಂದಿಟ್ಟೆ.

'ಏನಮ್ಮ ಇದು?'

'ಒಂಥರಾ ವಾಚು ಅಪ್ಪಾಜಿ. ನೀರೊಳಗೆ ಕಟ್ಕೊಳ್ಳೋದು.'

ಅಪ್ಪಾಜಿ ಕನ್ನಡಕ ಹಾಕಿಕೊಂಡರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದೇನಿರಲಿಲ್ಲ. ಮೂರು ಹಾಳೆಯ ತಲೆಯ ಮೇಲೂ ಆ ಪದ ದಪ್ಪಕ್ಷರದಲ್ಲಿತ್ತು. ತಂಗಿ ಬಗ್ಗಿ ಅದನ್ನು ಕೂಡಿಸಿಕೊಂಡು ಓದಿ, 'ಅಯ್ಯೋ!' ಎಂದು ಬಾಯಿ ಮುಚ್ಚಿಕೊಂಡಳು. ಅಮ್ಮ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದವಳು ತಿರುಗಿ ಬರಲಿಲ್ಲ.

ನಾನು ಗೋಲಿಸೋಡಾದ ಕತೆಯನ್ನೆಲ್ಲ ಹೇಳಿದೆ. ಅಪ್ಪಾಜಿ ಪೂರ್ತಿ ಕೇಳಿ, ಹಾಳೆಗಳನ್ನು ಮಡಿಸಿ ನನ್ನ ಕೈಗೇ ಕೊಟ್ಟರು.

'ಆ ಕೋಷ್ಟಕ ಅಂದ್ಯಲ್ಲ, ಅದನ್ನ ತಂದ್ಕೊಡು. ಬರೀ ಕೂಡೋದು ಕಳೆಯೋದು ತಾನೆ? ನಾನು ಹಾಕಿಕೊಡ್ತೀನಿ. ಮನುಷ್ಯ ಮಾಡಿದ ಲೆಕ್ಕ ತಪ್ಪಿದ್ರೆ ಕೇಳೋಕೆ ಒಬ್ಬ ಮನುಷ್ಯ ಇರ್ತಾನೆ. ಯಂತ್ರ ತಪ್ಪಿದ್ರೆ ಯಾರನ್ನ ಕೇಳ್ತೀಯ?'

ಹೀಗೆ ಅಪ್ಪಾಜಿ ತಾವೇ ನನ್ನ ಕಂಪ್ಯೂಟರ್ ಆಗಲು ಹೊರಟರು. ಅದಕ್ಕಿಂತ ಅಗ್ಗದ್ದು ಸಿಂಗಪುರದಲ್ಲೂ ಸಿಗುತ್ತಿರಲಿಲ್ಲ, ನಿಜ. ಬ್ಯಾಂಕಿನಿಂದ ಬಂದವರೇ ಕೋಷ್ಟಕ ಹರಡಿಕೊಂಡು ಕೂರುವರು. ಇಷ್ಟು ಆಳಕ್ಕೆ ಇಷ್ಟು ಹೊತ್ತು, ಮೇಲೆ ಬಂದು ಇಷ್ಟು ವಿರಾಮ, ಮತ್ತೆ ಇಷ್ಟು ಆಳ. ಯಾವ ಸಂದರ್ಭಕ್ಕೂ ಉತ್ತರವಿರುವಂತೆ ರಟ್ಟಿನ ಮೇಲೆ ಮಣಿಯಂಥ ಅಕ್ಷರದಲ್ಲಿ ಬರೆದು, ನೀರು ತಾಗದಂತೆ ಪ್ಲಾಸ್ಟಿಕ್ ಹೊದಿಸಿದರು. ಎರಡೇ ವಾರದಲ್ಲಿ ಅವರಿಗೆ ಆ ಶಾಸ್ತ್ರ ನನಗಿಂತ ಚೆನ್ನಾಗಿ ಬಂತು. ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುವಾಗಲೂ ಕೊಡದ ಆಳ ನೋಡಿ ಏನೋ ಗುಣಿಸುತ್ತಿದ್ದರು ಎಂದು ಅಮ್ಮ ಹೇಳುತ್ತಿದ್ದಳು.

ಒಂದು ಭಾನುವಾರ ಅವರು ಕೊಳಕ್ಕೇ ಬಂದರು. ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ಕೊಡೆ, ಕಂಕುಳಲ್ಲಿ ತಂಗಿಯ ಸ್ಲೇಟು. ನಾನು ಆಗ ತಾನೆ ಒದ್ದೆ ಉಡುಪಿನಲ್ಲಿ ಹೊರಗೆ ಬಂದಿದ್ದೆ. ಅಪ್ಪನೂ ಮಗಳೂ ಏಕಕಾಲಕ್ಕೆ ಬೇರೆ ಬೇರೆ ದಿಕ್ಕಿಗೆ ನೋಡಿದೆವು. ನಾನು ಟವೆಲು ಸುತ್ತಿಕೊಂಡೆ. ಅವರು ಕೊಡೆ ಬಿಚ್ಚಿಕೊಂಡರು, ಬಿಸಿಲೇ ಇರಲಿಲ್ಲ.

'ಸಾರ್, ನಮಸ್ಕಾರ. ನಾನು ಉಮಾ ತಂದೆ' ಎಂದು ಅವರು ಪೊನ್ನಪ್ಪ ಸಾರ್‌ಗೆ ರಟ್ಟನ್ನು ತೋರಿಸಿದರು. 'ಎಲ್ಲಾ ಲೆಕ್ಕ ಇದರಲ್ಲಿದೆ. ಇದಿದ್ರೆ ಆ ಯಂತ್ರ ಬೇಕಾಗಲ್ಲ ಅಂತ ನನ್ನ ಅಭಿಪ್ರಾಯ.'

ಪೊನ್ನಪ್ಪ ಸಾರ್ ರಟ್ಟನ್ನು ನಿಧಾನವಾಗಿ ಓದಿದರು. 'ಒಂದು ತಪ್ಪಿಲ್ಲ ಸಾರ್. ನಮ್ಮ ಪಡೆಯಲ್ಲಿ ನಿಮ್ಮಂಥೋರು ಇರಬೇಕಿತ್ತು. ಆದ್ರೆ ಸಮುದ್ರ ಈ ರಟ್ಟನ್ನ ಓದಿಕೊಂಡಿರಲ್ವಲ್ಲ? ಅಲ್ಲಿ ಯಾವುದೋ ಬಂಡೆ ಇನ್ನಷ್ಟು ಕೆಳಗಿರುತ್ತೆ, ಇವರು ಇಳೀತಾರೆ. ಆಗ ಹೊಸ ಲೆಕ್ಕ ಅಲ್ಲೇ ಹಾಕಬೇಕು.'

'ಹಾಕ್ತಾಳೆ. ನಾನು ಬೆಳೆಸಿದ ಹುಡುಗಿ.' ಅಪ್ಪಾಜಿ ಸ್ಲೇಟು ಎತ್ತಿದರು. 'ಬೇಕಾದ್ರೆ ಈಗಲೇ ನೋಡಿ.'

ಸ್ಲೇಟಿನ ಮೇಲೆ ಅವರು ನೀರಿಗೆ ಅಳಿಸದ ಮೇಣದ ಕಡ್ಡಿಯಿಂದ ಎರಡೆರಡು ಅಂಕಿಯ ಕೆಲವು ಲೆಕ್ಕ ಬರೆದರು. ಲಾರಿಯ ನಂಬರಿಗಿಂತ ಎಷ್ಟೋ ಸುಲಭದವು. ನಾನು ಸಿಲಿಂಡರು ಕಟ್ಟಿಕೊಂಡು, ಸ್ಲೇಟು ಹಿಡಿದು, ಹಾರುಹಲಗೆಯ ಕೆಳಗಿನ ಆಳದ ಭಾಗದಲ್ಲಿ ತಳಕ್ಕೆ ಹೋಗಿ ಕೂತೆ. ಕಿವಿ ಒತ್ತುತ್ತಿತ್ತು. ಚಳಿಗೆ ಬೆರಳು ಮರಗಟ್ಟಿತ್ತು. ನನ್ನ ಉಸಿರಿನ ಗುಳುಗುಳು ಸದ್ದು ತಲೆಯೊಳಗೇ ಇತ್ತು. ಮೇಲೆ ನೋಡಿದರೆ ನಡುಗುವ ನೀರಿನಾಚೆ ಒಂದು ಕಪ್ಪು ಕೊಡೆ. ಹದಿನೇಳಕ್ಕೆ ಎಂಟು ಕೂಡಿ ಏನೋ ಬರೆದೆ. ಬರೆದದ್ದು ಸರಿಯೆಂದೇ ಅನ್ನಿಸಿತು. ಎಲ್ಲವೂ ಸರಿಯೆಂದೇ ಅನ್ನಿಸಿತು.

ಮೇಲೆ ಬಂದು ಸ್ಲೇಟು ಕೊಟ್ಟೆ. ಅಪ್ಪಾಜಿ ನೋಡಿದರು. ಸ್ಲೇಟನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು, ಅಲ್ಲಿ ಬೇರೆ ಉತ್ತರ ಇರಬಹುದೇನೋ ಎನ್ನುವಂತೆ. ಒಂದೂ ಸರಿಯಿರಲಿಲ್ಲ. ತಂಡದ ಹುಡುಗರು ಈ ಸಲ ನಗಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಮೂಗಿನಿಂದ ನೀರು ಸುರಿಸಿಕೊಂಡು, ಎಂ.ಎಸ್ಸಿ. ಮಾಡಿದ ಹೆಣ್ಣು ನಾನು, ಕೂಡುವ ಲೆಕ್ಕದಲ್ಲಿ ನಪಾಸಾಗಿ ನಿಂತಿದ್ದೆ.

'ಇದು ಬರೀ ಕೊಳ ಸಾರ್' ಎಂದರು ಪೊನ್ನಪ್ಪ ಸಾರ್, ಬಹಳ ಮೆತ್ತಗೆ. 'ಸಮುದ್ರದಲ್ಲಿ ಇನ್ನೂ ಕೆಳಗೆ ಹೋದ್ರೆ ಕುಡಿದೋರ ಥರ ಆಗುತ್ತೆ. ನೀವು ದಡದ ಮೇಲೆ ಲೆಕ್ಕ ಹಾಕ್ತೀರಿ. ಅಲ್ಲಿ ಇರೋಳು ಇವಳಲ್ಲ, ಬೇರೆಯೋಳು.'

ಅಪ್ಪಾಜಿ ಸ್ಲೇಟನ್ನು ಕರ್ಚೀಫಿನಿಂದ ಒರೆಸಿದರು. ಆವತ್ತು ಬಸ್ಸಿನಲ್ಲಿ ಅವರು ಒಂದು ಲಾರಿಯನ್ನೂ ನೋಡಲಿಲ್ಲ. ಇಳಿಯುವ ಸ್ಟಾಪು ಹತ್ತಿರ ಬಂದಾಗ, ಮುಂದಿನ ಸೀಟಿನ ಬೆನ್ನನ್ನು ನೋಡುತ್ತ, 'ಆ ಮೂರು ಹಾಳೆ ಇದೆಯೇನಮ್ಮ ಇನ್ನೂ?' ಎಂದರು.

ಆಮೇಲೆ ನಡೆದದ್ದು ಗಂಡು ನೋಡುವ ಶಾಸ್ತ್ರವೇ. ಮೂರು ಹಾಳೆಯನ್ನು ಮುಂದಿಟ್ಟುಕೊಂಡು ಒಂದೊಂದರ ಗುಣ, ದೋಷ, ಮನೆತನ ವಿಚಾರಿಸಿದರು. ಮೊದಲನೆಯದು ಇಟ್ಟಿಗೆಯಷ್ಟು ದಪ್ಪ, ಚಿತ್ರ ಬೇರೆ ತೋರಿಸುತ್ತದೆ, ನಮ್ಮ ಕೈಗೆ ಎಟುಕುವ ಬೆಲೆಯಲ್ಲ. ಮೂರನೆಯದು ಎಲ್ಲಕ್ಕಿಂತ ಅಗ್ಗ. ನಾನು ಅದಕ್ಕೇ ಬೆರಳು ತೋರಿಸಿದೆ. ಅಪ್ಪಾಜಿ ಅದರ ಸಣ್ಣಕ್ಷರವನ್ನೆಲ್ಲ ಓದಿ ಒಂದೇ ಪ್ರಶ್ನೆ ಕೇಳಿದರು:

'ಇದರಲ್ಲಿ ಬ್ಯಾಲೆನ್ಸ್ ಕ್ಯಾರಿ ಫಾರ್ವರ್ಡ್ ಆಗುತ್ತಾ?'

'ಅಂದ್ರೆ?'

'ಬೆಳಿಗ್ಗೆ ಇಳಿದಾಗ ಮೈಯಲ್ಲಿ ಸೇರಿಕೊಂಡ ಗಾಳಿ ಮಧ್ಯಾಹ್ನದ ಲೆಕ್ಕಕ್ಕೆ ಮುಂದುವರೀತದೋ, ಇಲ್ಲ ಆಫ್ ಮಾಡಿದ ಕೂಡಲೇ ಮರೆತುಬಿಡ್ತದೋ?'

ಪೊನ್ನಪ್ಪ ಸಾರ್ ಅವರನ್ನು ಕೇಳಿಕೊಂಡು ಬಂದೆ. ಅಗ್ಗದ್ದು ಮರೆಯುತ್ತದಂತೆ. ಅಪ್ಪಾಜಿ ಆ ಹಾಳೆಯನ್ನು ಪಕ್ಕಕ್ಕಿಟ್ಟರು. 'ಹಳೇ ಬಾಕಿ ಮರೆಯೋ ಗುಮಾಸ್ತನ್ನ ನಮ್ಮ ಬ್ಯಾಂಕಲ್ಲೂ ಇಟ್ಕೊಳಲ್ಲ' ಎಂದರು. ಹೀಗೆ ನಡುವಿನದು ಗಟ್ಟಿಯಾಯಿತು. ಅವರು ಸ್ಕೂಟರಿಗೆಂದು ಹೆಸರು ಬರೆಸಿ ವರ್ಷಗಟ್ಟಲೆ ಕಾದಿದ್ದರು, ಸರದಿ ಆಗ ತಾನೆ ಬಂದಿತ್ತು. ಅದನ್ನು ಬಿಟ್ಟುಕೊಟ್ಟು ಆ ಹಣವನ್ನು ಇದಕ್ಕೆ ಹಾಕಿದರು. 'ಬಸ್ಸು ಮನೆ ಮುಂದೇನೇ ಬರುತ್ತಲ್ಲ' ಎಂದರು. ಮನೆ ಮುಂದೆ ಯಾವ ಬಸ್ಸೂ ಬರುತ್ತಿರಲಿಲ್ಲ.

ಒಂದೇ ಷರತ್ತು ಹಾಕಿದರು. 'ಅದನ್ನ ವಾಚು ಅಂತಲೇ ಅನ್ನೋಣ.'

ವಾಚು ಮಳೆಗಾಲ ಕಳೆದ ಮೇಲೆ ಬಂತು. ಕಪ್ಪಗೆ, ಸೋಪಿನ ಡಬ್ಬಿಯಷ್ಟು ದೊಡ್ಡದಾಗಿತ್ತು. ಅಮ್ಮ ಅದಕ್ಕೂ ವಿಭೂತಿ ಹಚ್ಚಿದಳು. ಅಪ್ಪಾಜಿ ಬಕೆಟ್ಟಿನಲ್ಲಿ ಮುಳುಗಿಸಿ ಅಂಕಿ ಏಳುವುದನ್ನು ನೋಡಿ, ಒರೆಸಿಟ್ಟರು. ಆದರೆ ಅಮ್ಮನಿಗೆ ಹೆಮ್ಮೆ ತಡೆಯಲಿಲ್ಲ. ಪಕ್ಕದ ಮನೆಯವರ ಹತ್ತಿರ, 'ನಮ್ಮ ಉಮಂಗೆ ಸಿಂಗಪುರದಿಂದ ಕೈಗೆ ಕಟ್ಟೋ ಕಂಪ್ಯೂಟರ್ ಬಂದಿದೆ' ಎಂದುಬಿಟ್ಟಳು. ಪಕ್ಕದ ಮನೆಯಿಂದ ಅದು ಎಲ್ಲಿಗೆ ಹೋಯಿತು, ಹೇಗೆ ರಾಜಾಜಿನಗರ ಮುಟ್ಟಿತು, ನನಗೆ ಗೊತ್ತಿಲ್ಲ.

ಕಾರವಾರಕ್ಕೆ ಹೊರಡುವ ಹಿಂದಿನ ದಿನ ಸಂಜೆ ಅಪ್ಪಾಜಿಯ ಜೊತೆ ಹೋಗಿ ಒಂದು ಸೂಟ್‌ಕೇಸು ಕೊಳ್ಳುವುದಿತ್ತು. ಬ್ಯಾಂಕಿನ ಹತ್ತಿರ ಹೋದೆ. ಗೇಟಿನ ಮುಂದೆ ಸಭೆ ಸೇರಿತ್ತು. ಸುತ್ತಮುತ್ತಲ ಶಾಖೆಗಳವರೂ ಬಂದಿದ್ದರು. ನಾನು ಕಬ್ಬಿನಹಾಲಿನ ಗಾಡಿಯ ಪಕ್ಕ ನಿಂತೆ. ಅಪ್ಪಾಜಿ ಸ್ಟೂಲು ಹತ್ತಿದರು. ಗಂಟಲು ಸರಿಮಾಡಿಕೊಂಡು, 'ಬಂಧುಗಳೇ' ಎಂದರು.

'ರುದ್ರಪ್ಪನೋರೇ!' ಗುಂಪಿನ ನಡುವಿನಿಂದ ಒಂದು ದನಿ. ನಾಗರಾಜು. ಅಪ್ಪಾಜಿಗಿಂತ ಬಹಳ ಕಿರಿಯ ಗುಮಾಸ್ತ. ಅವನನ್ನು ಸಂಘಕ್ಕೆ ಸೇರಿಸಿದವರೇ ಅಪ್ಪಾಜಿ. ನಮ್ಮ ಮನೆಯಲ್ಲಿ ಎಷ್ಟೋ ಸಲ ರೊಟ್ಟಿ ತಿಂದವನು. 'ಬ್ಯಾಂಕಿಗೆ ಕಂಪ್ಯೂಟರ್ ಬೇಡ, ಮಗಳಿಗೆ ಮಾತ್ರ ಬೇಕು ಅಂತೀರಂತಲ್ಲ? ಸಿಂಗಪುರದ್ದೇ ಬೇಕಾಯ್ತಾ ಸಾರ್?'

ನಗು ಎದ್ದಿತು. ಯಾರೋ ನನ್ನನ್ನು ಗುರುತಿಸಿ ಕೈ ತೋರಿಸಿದರು. ಇಡೀ ಸಭೆ ನನ್ನ ಕಡೆ ತಿರುಗಿತು. ಕಬ್ಬಿನಹಾಲಿನವನು ಚಕ್ರ ತಿರುಗಿಸುವುದನ್ನು ನಿಲ್ಲಿಸಿ ನೋಡಿದ. ಕೊಳದಲ್ಲಿ ಪೂರಿಯ ಹಾಗೆ ಉಬ್ಬಿದ್ದೆನಲ್ಲ, ಆವತ್ತು ಮುಳುಗಲು ನೀರಾದರೂ ಇತ್ತು. ಇಲ್ಲಿ ಬರಿಯ ರಸ್ತೆ. ಮನಸ್ಸಿನೊಳಗೆ ಒಂದೇ ಪ್ರಾರ್ಥನೆ: ವಾಚು ಅನ್ನಿ ಅಪ್ಪಾಜಿ, ವಾಚು ಅಂದುಬಿಡಿ.

ಅಪ್ಪಾಜಿ ನನ್ನನ್ನು ನೋಡಿದರು.

'ಹೌದು' ಎಂದರು. 'ಕಂಪ್ಯೂಟರೇ. ನಾನೇ ಆರಿಸಿದೆ.'

ನಗು ನಿಂತಿತು.

'ಅವಳು ಸಮುದ್ರದ ತಳಕ್ಕೆ ಹೋಗ್ತಾಳೆ. ಅಲ್ಲಿ ಲೆಕ್ಕ ತಪ್ಪಿದ್ರೆ ಕಾಲು ಹೋಗುತ್ತೆ, ಜೀವ ಹೋಗುತ್ತೆ. ನಾನೇ ಲೆಕ್ಕ ಹಾಕಿಕೊಡ್ತೀನಿ ಅಂತ ಹೊರಟೆ. ನನ್ನ ಲೆಕ್ಕ ಅಲ್ಲೀತನಕ ಮುಟ್ಟಲ್ಲ ಅಂತ ಗೊತ್ತಾಯ್ತು. ಅದಕ್ಕೇ ತಗೊಂಡೆ. ಇಲ್ಲಿ ಆ ಯಂತ್ರ ಬಂದ್ರೆ ನಿಮ್ಮ ಹೊಟ್ಟೆ ಮೇಲೆ ಹೊಡೆಯುತ್ತೆ ಅಂದ್ನಲ್ಲ, ಅದೂ ಸುಳ್ಳಲ್ಲ. ಈಗಲೂ ಅದನ್ನೇ ಹೇಳ್ತೀನಿ. ಎರಡನ್ನೂ ಒಂದೇ ಬಾಯಲ್ಲಿ ಹೇಳೋನು ಈ ಸ್ಟೂಲಿನ ಮೇಲೆ ನಿಲ್ಲಬಾರದು ಅಂತ ನಿಮಗನ್ನಿಸಿದ್ರೆ, ಇಳೀತೀನಿ.'

ಅವರು ಕಾದರು. ನಾನೂ ಕಾದೆ. ಇಷ್ಟು ಜನರಲ್ಲಿ ಒಬ್ಬರಾದರೂ, 'ಇರಿ ಸಾರ್, ಮಾತಾಡಿ' ಎನ್ನುತ್ತಾರೆ ಎಂದು ಕಾದೆ. ಅವರ ಪಕ್ಕದ ಮೇಜಿನಲ್ಲಿ ವರ್ಷಗಟ್ಟಲೆ ಕೂತವರಿದ್ದರು. ಅವರೆಲ್ಲ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಅಪ್ಪಾಜಿ ಒಂದು ಕೈಯನ್ನು ಗೇಟಿಗೆ ಆನಿಸಿ, ವಯಸ್ಸಾದವರು ಇಳಿಯುವ ಹಾಗೆ ಒಂದೊಂದೇ ಕಾಲಿಟ್ಟು ಇಳಿದರು. ನಾಗರಾಜು ಹತ್ತಿದ.

ನಾನು ಗುಂಪಿನೊಳಗೆ ಹೋಗಿ ಅವರ ಕೈ ಹಿಡಿದುಕೊಂಡೆ. 'ಹೋಗೋಣ ಅಪ್ಪಾಜಿ.'

'ಹೂಂ. ಸೂಟ್‌ಕೇಸು ತಗೋಬೇಕಲ್ಲ' ಎಂದರು.

ತಗೊಂಡೆವು. ಅಂಗಡಿಯಲ್ಲಿ ಅವರು ಚೌಕಾಸಿ ಮಾಡಲಿಲ್ಲ. ಅದನ್ನು ನೋಡಿ ನನಗೆ ಅಳು ಬಂತು. ಖಾಲಿ ಸೂಟ್‌ಕೇಸನ್ನು ಇಬ್ಬರೂ ಸರದಿಯಲ್ಲಿ ಹಿಡಿದುಕೊಂಡು ಬಸವೇಶ್ವರನಗರದ ತನಕ ನಡೆದೇ ಬಂದೆವು. ನನ್ನ ಎದುರಿಗೆ ಇದಾಯಿತಲ್ಲ ಎಂದು ಅವರಿಗೆ ನಾಚಿಕೆ. ನನ್ನಿಂದಲೇ ಇದಾಯಿತಲ್ಲ ಎಂದು ನನಗೆ. ದಾರಿಯುದ್ದಕ್ಕೂ ನಾವು ಮಾತಾಡಿದ್ದು ಸೂಟ್‌ಕೇಸಿನ ಬೀಗದ ಬಗ್ಗೆ ಮಾತ್ರ.

ಕಾರವಾರದಲ್ಲಿ ದೋಣಿ ಹತ್ತಿದ ಕೂಡಲೇ ನಾನು ವಾಂತಿ ಮಾಡಿಕೊಂಡೆ, ಪೊನ್ನಪ್ಪ ಸಾರ್ ಕಾಲಿನ ಮೇಲೆ. ಅದನ್ನು ಬಿಟ್ಟರೆ ಸಮುದ್ರ ನನ್ನನ್ನು ಮರ್ಯಾದೆಯಿಂದಲೇ ನಡೆಸಿಕೊಂಡಿತು. ನೀರಿನೊಳಗಿನ ಬಂಡೆಗಳ ಮೇಲೆ ನಾನು ಬಾಟಲಿಯಲ್ಲಿ ಸತ್ತು ಬಿಳಿಚಿದ್ದನ್ನಷ್ಟೇ ನೋಡಿದ್ದ ಜೀವಿಗಳು ಕೆಂಪಗೆ, ನೇರಳೆಯಾಗಿ, ಮೆಲ್ಲನೆ ಉಸಿರಾಡುವವರಂತೆ ಅರಳಿ ಮುಚ್ಚುತ್ತಿದ್ದವು. ಒಂದು ಮಧ್ಯಾಹ್ನ ಅವುಗಳ ಹಿಂದೆ ಹೋಗುತ್ತಾ ಹೋಗುತ್ತಾ ಬಂಡೆಯ ಬುಡಕ್ಕೇ ಇಳಿದುಬಿಟ್ಟಿದ್ದೆ. ಮನಸ್ಸು ಹಗುರವಾಗಿತ್ತು, ಬೇಕಾದಷ್ಟು ಹೊತ್ತಿದೆ ಎಂದೇ ಅನ್ನಿಸುತ್ತಿತ್ತು. ಎಲ್ಲವೂ ಸರಿಯೆಂದೇ ಅನ್ನಿಸುವ ಆ ಹಾಳು ಭಾವನೆ. ಮುಂಗೈ ನೋಡಿದೆ. ಉಳಿದ ಹೊತ್ತು ಇನ್ನೇನು ಮುಗಿಯುವುದರಲ್ಲಿತ್ತು. ಬೆಳಗಿನ ಬಾಕಿಯನ್ನು ಅದು ಮರೆತಿರಲಿಲ್ಲ. ನಾನು ಹಗ್ಗ ಹಿಡಿದು ನಿಧಾನವಾಗಿ ಮೇಲೆ ಬಂದೆ, ದೋಣಿಯಲ್ಲಿ ನನ್ನ ಕಾಲ ಮೇಲೆ ನಿಂತೆ.

ಊರಿಗೆ ಬಂದು ಇದನ್ನು ಹೇಳಿದಾಗ ಅಪ್ಪಾಜಿ, 'ಒಳ್ಳೇದಾಯ್ತು' ಎಂದಷ್ಟೇ ಅಂದರು. ಅವರು ಸಂಜೆ ನೇರ ಮನೆಗೆ ಬರುತ್ತಿದ್ದರು. ಸಭೆಗಳ ಮಾತು ಎತ್ತುತ್ತಿರಲಿಲ್ಲ. ತಂಗಿ ಬಕೆಟ್ಟಿನ ಮೇಲೆ ಹತ್ತುವುದನ್ನು ತಾನಾಗಿಯೇ ಬಿಟ್ಟಿದ್ದಳು. ಬಿಸಿಲಿಗೆ ಕಪ್ಪಗಾಗಿದ್ದ ನನ್ನ ಮುಖಕ್ಕೆ ಅಮ್ಮ ಕಡಲೆಹಿಟ್ಟು ಹಚ್ಚುತ್ತ, 'ಸಂಘದಲ್ಲಿ ಯಾರೂ ಇವರ ಹತ್ತಿರ ಸರಿಯಾಗಿ ಮಾತಾಡ್ತಿಲ್ವಂತೆ' ಎಂದು ಪಿಸುಗುಟ್ಟಿದಳು.

ಕೆಲವು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಾಗರಾಜು ಬಂದ. ಬಾಗಿಲಲ್ಲಿ ನಿಂತು ಮೆಟ್ಟಿಲ ಕಡೆ ತಿರುಗಿ ತಿರುಗಿ ನೋಡುತ್ತಿದ್ದ. ಅಪ್ಪಾಜಿ ಪೇಪರು ಓದುತ್ತಿದ್ದವರು ಎದ್ದು, 'ಬಾರಪ್ಪ, ಕೂತ್ಕೋ' ಎಂದರು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆಯೊಂದನ್ನು ಬೇಕೆಂದೇ ಜೋರಾಗಿ ಇಟ್ಟಳು. ಆದರೂ ಉಪ್ಪಿಟ್ಟು ಕಳಿಸಿದಳು. ಅವನು ತಿಂದ. ಬ್ಯಾಂಕಿನ ಮಾತಾಡಿದ, ಮಳೆಯ ಮಾತಾಡಿದ. ಕ್ಷಮೆ ಕೇಳಲು ಬಂದಿದ್ದಾನೆ ಎಂದು ನಾನು ಕಾದೆ, ಕೇಳಿದರೆ ಹೇಗೆ ಮುಖ ತಿರುಗಿಸಬೇಕು ಎಂದೂ ಯೋಚಿಸಿಟ್ಟುಕೊಂಡೆ. ಅವನು ತಟ್ಟೆ ಕೆಳಗಿಟ್ಟು, ಕರ್ಚೀಫಿನಿಂದ ಬಾಯಿ ಒರೆಸಿಕೊಂಡು, ನೆಲ ನೋಡುತ್ತ ಹೇಳಿದ:

'ಸಾರ್, ನಮ್ಮ ತಂಗಿ ಪಿ.ಯು.ಸಿ. ಮುಗಿಸಿದಾಳೆ. ಈಗ ರಾಜಾಜಿನಗರದಲ್ಲಿ ಕಂಪ್ಯೂಟರ್ ಕ್ಲಾಸುಗಳು ಶುರುವಾಗಿವೆಯಲ್ಲ… ಸೇರಿಸಬೇಕು ಅಂತ. ನನಗೆ ಅದರ ತಲೆಬುಡ ಗೊತ್ತಾಗಲ್ಲ. ಎಲ್ಲಾ ಮೋಸ ಅಂತಾರೆ. ನೀವು ಆರಿಸಿ ತಂದಿರೋರು. ಕಮ್ಮೀದ್ರಲ್ಲಿ ಯಾವುದು ಚೆನ್ನಾಗಿದೆ ಅಂತ ಸ್ವಲ್ಪ ನೋಡಿ ಹೇಳ್ತೀರಾ?'

ಅವನ ಕಿವಿಗಳು ಕೆಂಪಗಾಗಿದ್ದವು. ನನಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂದಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅಪ್ಪಾಜಿ ಏನನ್ನುತ್ತಾರೋ ಎಂದು ಎಲ್ಲರೂ ಅವರ ಬಾಯಿ ನೋಡಿದೆವು.

ಅಪ್ಪಾಜಿ ಒಂದು ಕ್ಷಣ ಅವನ ತಗ್ಗಿದ ತಲೆಯನ್ನು ನೋಡಿದರು. ಆಮೇಲೆ ಎದ್ದು ಹೋಗಿ ಮುಂಬಾಗಿಲು ಹಾಕಿದರು. ಕಿಟಕಿಯನ್ನೂ ಎಳೆದುಕೊಂಡು ಚಿಲಕ ಸೇರಿಸಿದರು. ಬಂದು ಅವನ ಪಕ್ಕದಲ್ಲೇ ಕೂತು, ಭುಜಕ್ಕೆ ಭುಜ ತಾಗುವಷ್ಟು ಬಗ್ಗಿ, 'ಮೆತ್ತಗೆ ಮಾತಾಡು ಮಾರಾಯ' ಎಂದರು. 'ಪಕ್ಕದ ಮನೆಯೋರು ಕೇಳಿಸಿಕೊಂಡ್ರೆ ನಾಳೆ ನಿನ್ನನ್ನೂ ಸ್ಟೂಲಿಂದ ಇಳಿಸ್ತಾರೆ.'